ಮಳೆಗಾಲದಲ್ಲಿ ಮೈ ಎಲ್ಲಿ ದುಡಿಯಬೇಕು?



ಜನರ ಆರೋಗ್ಯಕ್ಕೆ ಸಂಬಂಧಿಸಿದ ಒಂದು ವಿಷಯದ ಮೇಲೆ ಉಪನ್ಯಾಸ ನಡೆಯಬೇಕೆಂಬುದು ಇದಕ್ಕೆ ದತ್ತಿಯನ್ನಿಟ್ಟ ಕುಟುಂಬದ ಆಶಯ. ನಾನು ವೈದ್ಯನಲ್ಲ; ಕರಾವಳಿಯ ಶಾಲೆಗಳಲ್ಲಿ ಪಿ.ಟಿ. ಮಾಸ್ತರಿಕೆ ಮಾಡಿ ನಿವೃತ್ತನಾದವನು. ಹಾಗಾಗಿ ಔಷಧದ ಮಾತು ಬಿಟ್ಟು, ನನ್ನ ಕಸುಬಿಗೆ ವರ್ಷವೂ ಅಡ್ಡ ಬರುತ್ತಿದ್ದ ಮಳೆಯನ್ನೇ ಇಂದಿನ ವಿಷಯವಾಗಿ ಎತ್ತಿಕೊಂಡಿದ್ದೇನೆ. ಮಳೆಗಾಲದಲ್ಲಿ ಮೈಯ ಶಕ್ತಿ ನಿಜಕ್ಕೂ ಕಡಿಮೆಯಾಗುತ್ತದೆಯೆ? ಮನಸ್ಸಿನ ಉಮೇದಿ ಎಲ್ಲಿ ಹೋಗುತ್ತದೆ? ಅದನ್ನು ವಾಪಸು ತರಲು ನಾವೇನು ಮಾಡಬಹುದು? ಇವು ನನ್ನ ಮೂರು ಪ್ರಶ್ನೆಗಳು.

ಮೊದಲು ಕಣ್ಣೆದುರಿನ ಸಂಗತಿ. ಮೇ ತಿಂಗಳ ಬೆಳಗಿನ ಜಾವ ಹೊನ್ನಾವರದ ಕಾಸರಕೋಡ ಕಡಲತೀರ, ಮುರ್ಡೇಶ್ವರದ ಮರಳು, ಕುಮಟಾದ ಮಣಕಿ ಮೈದಾನ, ಎಲ್ಲೆಲ್ಲೂ ನಡೆಯುವವರು, ಓಡುವವರು, ಚೆಂಡಾಡುವವರು. ಮೃಗಶಿರ ಮಳೆ ಹಿಡಿದ ವಾರದಲ್ಲಿ ಅದೇ ಜಾಗಗಳು ಬರಿದು. ಹಾಗೆ ಮನೆ ಸೇರಿದವರಲ್ಲಿ ಬಹಳಷ್ಟು ಮಂದಿ ಮತ್ತೆ ಹೊರಗೆ ಕಾಣಿಸುವುದು ನವರಾತ್ರಿಯ ಹೊತ್ತಿಗೆ. ಯಾಕೆ ಬಿಟ್ಟಿರಿ ಎಂದು ಕೇಳಿದರೆ ಬರುವ ಉತ್ತರಗಳು ಎಲ್ಲ ಊರಲ್ಲೂ ಒಂದೇ: ಮೈ ಜಡ್ಡುಗಟ್ಟಿದೆ, ಏಳಲು ಮನಸ್ಸಾಗುವುದಿಲ್ಲ, ಮಳೆಗಾಲದಲ್ಲಿ ಮೈ ದಣಿಸಬಾರದಂತೆ.

ನಮ್ಮ ಮಳೆಯ ಅಳತೆಯನ್ನು ಸ್ವಲ್ಪ ನೆನಪಿಸಿಕೊಳ್ಳೋಣ. ಹೊನ್ನಾವರದಲ್ಲಿ ಹವಾಮಾನ ಇಲಾಖೆಯ ವೀಕ್ಷಣಾಲಯವಿದೆ. ಅಲ್ಲಿ ವರ್ಷಕ್ಕೆ ಸರಾಸರಿ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಜೂನ್, ಜುಲೈ ಎರಡೇ ತಿಂಗಳಲ್ಲಿ ಸುರಿದು ಹೋಗುತ್ತದೆ. ಬೆಂಗಳೂರಿಗೆ ವರ್ಷವಿಡೀ ಬೀಳುವಷ್ಟು ಮಳೆ ಇಲ್ಲಿ ಜುಲೈ ಒಂದರಲ್ಲೇ ಹೆಚ್ಚುಕಡಿಮೆ ಬೀಳುತ್ತದೆ. ಬೆಂಗಳೂರಿನ ಪತ್ರಿಕೆಯೋ ಮೊಬೈಲೋ 'ಮಳೆ ಬಂದರೆ ಒಂದು ದಿನ ವಿಶ್ರಾಂತಿ ತೆಗೆದುಕೊಳ್ಳಿ' ಎಂದು ಹೇಳಿದರೆ ಅಲ್ಲಿಯವರಿಗೆ ಅದು ಒಂದು ದಿನದ ಮಾತು. ನಮಗೆ ಅದು ನಾಲ್ಕು ತಿಂಗಳ ರಜೆ.

ಇನ್ನು ಶಕ್ತಿಯ ಪ್ರಶ್ನೆ. ಮಳೆಗಾಲದ ಗಾಳಿಯಲ್ಲಿ ಆಮ್ಲಜನಕ ಕಡಿಮೆ, ಅದಕ್ಕೇ ಸುಸ್ತು ಎಂಬ ಮಾತು ಚಾಲ್ತಿಯಲ್ಲಿದೆ. ಮಳೆಗಾಲದಲ್ಲಿ ವಾಯುಭಾರ ಇಳಿಯುವುದು ಹೌದು, ಆದರೆ ಆ ಇಳಿತ ನೂರಕ್ಕೆ ಒಂದು ಪಾಲಿನ ಒಳಗೇ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋದರೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಇಳಿಯುತ್ತದೆ. ಶಿರಸಿ ಪೇಟೆಯಲ್ಲಿ ಸಾಮಾನು ಹೊತ್ತು ನಡೆಯುವಾಗ ನಮಗೆ ಯಾರಿಗೂ ಉಸಿರು ಸಿಕ್ಕಿಕೊಂಡದ್ದಿಲ್ಲ.

ಎರಡನೆಯದು ಬೆವರು. ಮೈ ತಣ್ಣಗಾಗುವುದು ಬೆವರು ಸುರಿಯುವುದರಿಂದಲ್ಲ, ಆರುವುದರಿಂದ. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೊರಹೋಗುತ್ತದೆ. ತೇವದ ಗಾಳಿಯಲ್ಲಿ ಅದು ಆರದೆ ತೊಟ್ಟಿಕ್ಕುತ್ತದೆ, ಮೈ ಅಂಟಂಟಾಗುತ್ತದೆ. ಇದು ನಿಜವಾದ ತೊಂದರೆ. ಆದರೆ ಮೇ ತಿಂಗಳನ್ನು ಪಕ್ಕಕ್ಕಿಟ್ಟು ನೋಡಿ. ಮೇ ಮಧ್ಯಾಹ್ನದ ಉಷ್ಣತೆ 33 ಡಿಗ್ರಿಯ ಹತ್ತಿರ, ಜೊತೆಗೆ ಕಡಲಿನ ತೇವ. ಜುಲೈಯಲ್ಲಿ ಹಗಲೂ 28, 29 ಡಿಗ್ರಿ ದಾಟುವುದು ಕಷ್ಟ. ಶೇಕಡಾವಾರು ತೇವಾಂಶ ಜುಲೈಯಲ್ಲಿ ಹೆಚ್ಚು ನಿಜ, ಆದರೆ ತಣ್ಣನೆಯ ಗಾಳಿ ಹಿಡಿದಿಡುವ ನೀರಾವಿಯೇ ಕಡಿಮೆ. ಒಟ್ಟು ನೀರಾವಿಯ ಲೆಕ್ಕದಲ್ಲಿ ಜುಲೈ ಬೆಳಗು ಮೇ ಮಧ್ಯಾಹ್ನವನ್ನು ಮೀರುವುದಿಲ್ಲ. ಅಂದರೆ ದುಡಿಯುವ ಮೈಗೆ ಮೇ ತಿಂಗಳೇ ಹೆಚ್ಚು ಕಠಿಣ. ನಾವು ಮಾತ್ರ ಕಠಿಣ ತಿಂಗಳಲ್ಲಿ ಓಡಿ, ಸುಲಭದ ತಿಂಗಳಲ್ಲಿ ಮಲಗುತ್ತೇವೆ.

ಹಾಗಾದರೆ ಆ ಜಡ್ಡು ಸುಳ್ಳೆ? ಸುಳ್ಳಲ್ಲ. ಅದರ ಒಂದು ಮೂಲ ಬೆಳಕಿನಲ್ಲಿದೆ. ಕಣ್ಣಿನ ಹಿಂಪರದೆಯ ಕೆಲವು ಕೋಶಗಳು ಬೆಳಗಿನ ಬೆಳಕನ್ನು ಮಿದುಳಿನೊಳಗಿನ ಗಡಿಯಾರಕ್ಕೆ ತಲುಪಿಸುತ್ತವೆ. ಆಗ ನಿದ್ದೆಯ ಹಾರ್ಮೋನಾದ ಮೆಲಟೋನಿನ್ ಇಳಿದು ಎಚ್ಚರ ಏರುತ್ತದೆ. ನಮ್ಮ ಅಕ್ಷಾಂಶದಲ್ಲಿ ಜೂನ್ ಕೊನೆಯ ಹಗಲು ಸುಮಾರು 13 ತಾಸು, ವರ್ಷದ ಅತಿ ಉದ್ದದ ಹಗಲು. ಡಿಸೆಂಬರಿನ ಹಗಲು 11 ತಾಸು ಚಿಲ್ಲರೆ. ಉದ್ದದ ಹಗಲುಗಳೇ ನಮಗೆ ಕಪ್ಪು ಹಗಲುಗಳಾಗಿ ಬರುತ್ತವೆ. ಬಿಸಿಲಿನಲ್ಲಿ ಬೆಳಕು ಒಂದು ಲಕ್ಷ ಲಕ್ಸ್ ಮುಟ್ಟಬಲ್ಲದು. ದಟ್ಟ ಮೋಡದ ಕೆಳಗೆ ಅದು ಕೆಲವು ಸಾವಿರಕ್ಕೆ ಇಳಿಯುತ್ತದೆ. ಆದರೆ ದೀಪ ಹಾಕಿದ ನಮ್ಮ ಕೋಣೆಗಳಲ್ಲಿ ಇರುವುದು ನೂರು, ಇನ್ನೂರು, ಹೆಚ್ಚೆಂದರೆ ಮುನ್ನೂರು ಲಕ್ಸ್. ಸುರಿಯುವ ಮಳೆಯಲ್ಲೂ ಜಗಲಿಯ ಬೆಳಕು ಒಳಮನೆಯ ಬೆಳಕಿಗಿಂತ ಎಷ್ಟೋ ಪಟ್ಟು ಹೆಚ್ಚು. ಬೆಳಗಿನ ಚಹಾದ ಲೋಟವನ್ನು ಅಡುಗೆಮನೆಯಿಂದ ಜಗಲಿಗೆ ತಂದರೆ ಅರ್ಧ ಜಡ್ಡಿಗೆ ಅದೇ ಮದ್ದು.

ಬೆಳಕು ಕುಗ್ಗಿದಾಗ ಮನಸ್ಸು ಕುಗ್ಗುವುದನ್ನು ಅಮೆರಿಕದ ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು 1984ರಲ್ಲಿ ಒಂದು ಕಾಯಿಲೆಯಾಗಿ ಗುರುತಿಸಿ ವಿವರಿಸಿದರು. ಅದು ಹಗಲು ತೀರ ಚಿಕ್ಕದಾಗುವ ಉತ್ತರದ ಚಳಿನಾಡುಗಳ ಮಾತು. ನಮ್ಮ ಆಷಾಢಕ್ಕೆ ಹಾಗೇ ಅಂಟಿಸಲಾಗದು. ನೆದರ್ಲೆಂಡ್ಸಿನಲ್ಲಿ ಹದಿಹರೆಯದ ಮಕ್ಕಳನ್ನೂ ಅವರ ತಾಯಂದಿರನ್ನೂ ಗಮನಿಸಿ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಹೆಚ್ಚು ಹಿಡಿಸಿತು. ಅದರ ಪ್ರಕಾರ ಸುಮಾರು ಅರ್ಧದಷ್ಟು ಮಂದಿಯ ಮನಸ್ಸಿಗೆ ಹವೆ ಹೇಳಿಕೊಳ್ಳುವಷ್ಟು ತಟ್ಟುವುದೇ ಇಲ್ಲ. ಉಳಿದವರಲ್ಲಿ ಬೇಸಿಗೆ ಬಂದರೆ ಹಿಗ್ಗುವವರು, ಬೇಸಿಗೆಯನ್ನು ಕಂಡರಾಗದವರು, ಮಳೆಯನ್ನು ಕಂಡರಾಗದವರು ಎಂದು ಬಗೆಗಳಿವೆ. ಮಳೆ ದ್ವೇಷಿಗಳ ಗುಂಪೇ ಎಲ್ಲಕ್ಕಿಂತ ಚಿಕ್ಕದು. ನಮ್ಮ ಮನೆಗಳಲ್ಲೂ ಅಷ್ಟೇ ಅಲ್ಲವೆ? ಒಬ್ಬನಿಗೆ ಮಳೆಯೆಂದರೆ ಕಂಬಳಿ, ಇನ್ನೊಬ್ಬನಿಗೆ ಏಡಿ ಹಿಡಿಯಲು ಹೊಳೆಗೆ ಓಡುವ ಸಂಭ್ರಮ. ಮಳೆ ಬಂದರೆ ಎಲ್ಲರ ಹುರುಪೂ ಇಳಿಯುತ್ತದೆ ಎಂಬುದು ನಿಯಮವಲ್ಲ.

ಈಗ ಶಾಸ್ತ್ರದ ಮಾತು. ಮಳೆಗಾಲದಲ್ಲಿ ವ್ಯಾಯಾಮ ಬೇಡ ಎಂದು ಆಯುರ್ವೇದವೇ ಹೇಳಿದೆ ಎನ್ನುವವರಿದ್ದಾರೆ. ಹೇಳಿದೆ. ವರ್ಷಋತುವಿನಲ್ಲಿ ಜಠರಾಗ್ನಿಯೂ ಬಲವೂ ಕುಗ್ಗಿರುತ್ತವೆ ಎನ್ನುವ ಚರಕಸಂಹಿತೆ ಆ ಕಾಲದಲ್ಲಿ ಬಿಡಬೇಕಾದವುಗಳ ಪಟ್ಟಿಯಲ್ಲಿ ವ್ಯಾಯಾಮವನ್ನೂ ಸೇರಿಸಿದೆ. ಅದೇ ಪಟ್ಟಿಯಲ್ಲಿ ಹಗಲುನಿದ್ದೆಯೂ ಇದೆ! ವ್ಯಾಯಾಮ ಬಿಡುವುದನ್ನು ನಿಷ್ಠೆಯಿಂದ ಪಾಲಿಸುವ ನಾವು ಊಟದ ಮೇಲಿನ ನಿದ್ದೆಯ ಸಾಲನ್ನು ಓದುವುದೇ ಇಲ್ಲ. ವಾಗ್ಭಟನ ಅಷ್ಟಾಂಗಹೃದಯ ಇನ್ನಷ್ಟು ಸ್ಪಷ್ಟ: ಬಲವಿದ್ದವರು ಚಳಿಗಾಲ ಮತ್ತು ವಸಂತದಲ್ಲಿ ಅರ್ಧ ಶಕ್ತಿಯಷ್ಟು ವ್ಯಾಯಾಮ ಮಾಡಬೇಕು, ಉಳಿದ ಕಾಲದಲ್ಲಿ ಅದಕ್ಕಿಂತ ಮೆಲ್ಲಗೆ. ಈ ಸಾಲಿನಲ್ಲಿ ಮೆಲ್ಲಗೆ ಎಂದಿದ್ದಾನೆಯೇ ಹೊರತು ಪೂರ್ತಿ ಬಿಡಿ ಎಂದಿಲ್ಲ. ಆ ಗ್ರಂಥಗಳ ಕಾಲದ ಮನುಷ್ಯನಿಗೆ ದಿನದ ಬದುಕೇ ಮೈಮುರಿಯುವ ದುಡಿಮೆ. ವ್ಯಾಯಾಮ ಅದರ ಮೇಲಿನದು. ನಮ್ಮಲ್ಲಿ ಅನೇಕರಿಗೆ ಕೆಳಗಿನ ದುಡಿಮೆಯೇ ಇಲ್ಲ.

ಈ ಮಾತು ನನ್ನನ್ನು ಈ ನೆಲದ ದುಡಿಮೆಯ ಕಡೆಗೆ ತರುತ್ತದೆ. ನಮ್ಮ ಕರಾವಳಿಯ ಜನ ವರ್ಷದಲ್ಲಿ ಅತಿ ಹೆಚ್ಚು ಮೈ ದುಡಿಸುತ್ತಿದ್ದ ಕಾಲ ಯಾವುದು? ಮಳೆಗಾಲವೇ. ಅಗೆ ಕಿತ್ತು, ಗೊರಬು ಹೊದ್ದು, ಮೊಣಕಾಲು ಕೆಸರಲ್ಲಿ ನಿಂತು ಬೆಳಗಿನಿಂದ ಸಂಜೆವರೆಗೆ ಬಾಗಿ ನಾಟಿ ಮಾಡಿದ ಹೆಂಗಸರು ಆರಿದ್ರೆ ಮಳೆಯಲ್ಲಿ ಜಡ್ಡು ಎಂದು ಮಲಗಿದ್ದರೆ ನಮ್ಮ ಹಿಂದಿನ ತಲೆಮಾರು ಅನ್ನ ಕಾಣುತ್ತಿರಲಿಲ್ಲ. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುವುದು ಈ ಮಳೆಯ ಬಲದಿಂದ. ಅಡಿಕೆ ತೋಟದವರು ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಔಷಧ ಹೊಡೆಸುವುದು ಮಳೆ ಹೊಳವಾದ ಗಳಿಗೆ ನೋಡಿ. ಜಾರುವ ಮರ ಏರುವ ಕೊನೆಗೌಡನ ತೋಳಿನ ಬಲ ಯಾವ ಜಿಮ್ಮಿನವರಿಗೂ ಕಡಿಮೆಯಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಆಗ ನಾಡದೋಣಿಯವರೇ ಅಬ್ಬರದ ನೀರಿಗೆ ಇಳಿಯುತ್ತಾರೆ. ಗಾಳಿಗೆ ಬಿದ್ದ ಕಂಬ ಎತ್ತುವ ಲೈನ್‌ಮನ್ನರಿಗೆ ಇದೇ ಸುಗ್ಗಿ.

ಆದ್ದರಿಂದ ನನಗೆ ಕಾಣುವುದು ಇದು: ಈ ಕರಾವಳಿಯ ದುಡಿಮೆ ಮಳೆಗಾಲದ್ದು, ವ್ಯಾಯಾಮ ಮಾತ್ರ ಬೇಸಿಗೆಯದು. ಗದ್ದೆ ಬೀಳು ಬಿದ್ದು, ನಾಟಿ ಯಂತ್ರದ ಪಾಲಾಗಿ, ಮಕ್ಕಳು ಪೇಟೆಯ ಕೆಲಸಕ್ಕೆ ಹೋದ ಮೇಲೆ ದುಡಿಮೆಯ ಜಾಗಕ್ಕೆ ವ್ಯಾಯಾಮ ಬಂತು. ಅದು ಬಂದದ್ದು ಉದ್ಯಾನ, ಪಾದಚಾರಿ ದಾರಿ, ಒಣ ಮೈದಾನಗಳಿರುವ ನಗರದ ರೂಪದಲ್ಲಿ. ಬೆಳಗಿನ ವಾಕಿಂಗು, ಸಂಜೆಯ ಕ್ರಿಕೆಟ್ಟು, ವಾಲಿಬಾಲು ಎಲ್ಲಕ್ಕೂ ಒಣ ನೆಲ ಬೇಕು. ಗೊರಬು ಹೊದ್ದವರ ಹಾಗೆ ನೆನೆಯುತ್ತಲೇ ಮಾಡುವ ವ್ಯಾಯಾಮವನ್ನೂ, ನೆನೆಯದೆ ಮಾಡುವ ಜಾಗವನ್ನೂ ನಾವು ಹುಟ್ಟಿಸಿಕೊಳ್ಳಲಿಲ್ಲ. ಮಳೆ ಕಸಿಯುತ್ತಿರುವುದು ನಮ್ಮ ಶಕ್ತಿಯನ್ನಲ್ಲ, ಜಾಗವನ್ನು. ಜಾಗದ ಜೊತೆಗೆ ಹೊತ್ತನ್ನು, ಸಂಗಡಿಗರನ್ನು. ಈ ಮೂರೂ ಹೋದ ಮೇಲೆ ಉಮೇದಿ ತಾನಾಗಿ ಹೋಗುತ್ತದೆ. ನಾವು ಕೊನೆಯದನ್ನು ಮೊದಲನೆಯದೆಂದು ತಿಳಿದು ಮನಸ್ಸನ್ನು ಬೈಯುತ್ತೇವೆ.

ನಾಲ್ಕು ತಿಂಗಳು ಬಿಟ್ಟರೆ ಏನಾಗುತ್ತದೆ? ಓಟದ ದಮ್ಮು ಎರಡು ವಾರದಲ್ಲೇ ಇಳಿಯಲು ತೊಡಗುತ್ತದೆ. ಸ್ನಾಯುಗಳ ಬಲ ಇನ್ನೂ ಕೆಲವು ವಾರ ತಾಳಿಕೊಳ್ಳುತ್ತದೆ. ಸಕ್ಕರೆ ಕಾಯಿಲೆಯವರ ಲೆಕ್ಕ ಇನ್ನೂ ಬಿಗಿ: ಒಂದು ದಿನದ ವ್ಯಾಯಾಮ ಇನ್ಸುಲಿನ್ನಿಗೆ ಕೊಡುವ ನೆರವು ಒಂದೆರಡು ದಿನದಲ್ಲಿ ಕರಗುತ್ತದೆ. ಅದಕ್ಕೇ ಎರಡು ದಿನಕ್ಕಿಂತ ಹೆಚ್ಚು ಬಿಡುವು ಬೇಡ ಎಂದು ವೈದ್ಯರು ಹೇಳುವುದು. ಮಳೆಗಾಲವೋ, ಹಲಸಿನ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಒಣಮೀನುಗಳ ಕಾಲ. ಗದ್ದೆಗೆ ಇಳಿಯುವವರಿಗೆ ಮಾಡಿಟ್ಟ ಎಣ್ಣೆ ಉಪ್ಪಿನ ಆಹಾರ ಈಗ ಟಿ.ವಿ. ಮುಂದೆ ಕೂತವರ ಹೊಟ್ಟೆ ಸೇರುತ್ತಿದೆ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ಶ್ರಮ, ಮಕ್ಕಳಿಗೆ ದಿನಕ್ಕೆ 60 ನಿಮಿಷ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಈ ಅಳತೆ ಮುಟ್ಟದ ವಯಸ್ಕರು ಭಾರತದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟಿದ್ದಾರೆ, ಹೆಂಗಸರಲ್ಲಿ ನೂರಕ್ಕೆ 57 ಎಂದು 2024ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆ ಪ್ರಕಟಿಸಿದ ಅಂದಾಜು ಹೇಳುತ್ತದೆ. ಬಟ್ಟೆ ಒಣಗದ, ಒಲೆ ಆರದ ಮಳೆಗಾಲದಲ್ಲಿ ಹೆಂಗಸರ ಮನೆಗೆಲಸ ಹೆಚ್ಚುತ್ತದೆ, ತನಗಾಗಿ ಹೊರಗೆ ಹೋಗುವ ಅರ್ಧ ತಾಸು ಮೊದಲು ಹೋಗುತ್ತದೆ.

ಜಾಗದ ಪ್ರಶ್ನೆಯನ್ನು ಮಳೆನಾಡಿನ ಹಿರಿಯರು ಬಿಡಿಸಿಕೊಂಡಿದ್ದರು ಎಂಬುದಕ್ಕೆ ನಮ್ಮ ಕರಾವಳಿಯ ತೆಂಕಣ ತುದಿಯಲ್ಲೇ ಸಾಕ್ಷಿ ಇದೆ. ಕೇರಳದ ಕಳರಿ ಎಂದರೆ ಸೂರಿನ ಕೆಳಗಿನ ಕಣ. 42 ಅಡಿ ಉದ್ದ, 21 ಅಡಿ ಅಗಲ, ನೆಲಮಟ್ಟಕ್ಕಿಂತ ಕೆಳಗೆ. ಅಲ್ಲಿ ಮಳೆಗಾಲ ಮೈ ಪಳಗಿಸುವ ಕಾಲ, ಎಣ್ಣೆ ತಿಕ್ಕಿ ಕೀಲು ಸಡಿಲಿಸುವ ಕಾಲ. ವಳ್ಳತ್ತೋಳರು 1930ರಲ್ಲಿ ಕಟ್ಟಿದ ಕೇರಳ ಕಲಾಮಂಡಲಂನಲ್ಲೂ ಕಥಕಳಿ ಕಲಿಯುವ ಹುಡುಗರಿಗೆ ಕಠಿಣ ಸಾಧಕ, ಕಾಲಿನಿಂದ ಒತ್ತುವ ಎಣ್ಣೆತಿಕ್ಕು ನಡೆಯುವುದು ಮಳೆ ಹಿಡಿದಾಗಲೇ. ನಮ್ಮ ಕನ್ನಡನಾಡಿನ ಗರಡಿಮನೆಯೂ ಸೂರಿನ ಕೆಳಗಿನದೇ. ಕೆಂಪು ಮಣ್ಣಿನ ಮಟ್ಟಿಗೆ ಮಳೆಹನಿ ಬೀಳುವುದಿಲ್ಲ.

ನಮ್ಮ ಮನೆಯದೇ ಉದಾಹರಣೆ ಬೇಕೆಂದರೆ ಯಕ್ಷಗಾನವಿದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು. ಅವರ ಮಗ ಶಂಭು ಹೆಗಡೆಯವರು 1986ರಲ್ಲಿ ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಶ್ರೀಮಯ ಕಲಾಕೇಂದ್ರ ತೆರೆದರು. ಬಡಗಿನ ಹೆಜ್ಜೆ ಕಲಿತವರಿಗೆ ಗೊತ್ತು: ಅರೆಮಂಡಿ, ಗಿರಕಿ, ಮಂಡಿ ಹಾಕುವುದು, ಇವೆಲ್ಲ ಕಾಲು, ಸೊಂಟ, ದಮ್ಮು ಮೂರನ್ನೂ ಒಟ್ಟಿಗೆ ಪರೀಕ್ಷೆ ಮಾಡುವ ವ್ಯಾಯಾಮ. ಬಯಲಾಟದ ತಿರುಗಾಟ ಮಳೆಗಾಲದಲ್ಲಿ ನಿಲ್ಲುತ್ತದೆ, ತಾಳಮದ್ದಳೆ ಶುರುವಾಗುತ್ತದೆ. ತಾಳಮದ್ದಳೆ ಕೂತು ಕೇಳುವ ಕಲೆ. ಅದರ ಜೊತೆಗೆ ಊರೂರಲ್ಲಿ ನಿಂತು ಕುಣಿಯುವ ಹೆಜ್ಜೆ ತರಗತಿಯೂ ಇರಲಿ. ಒಂದು ಮದ್ದಳೆ, ಒಂದು ಹಜಾರ, ಹತ್ತು ಜನ ಸಾಕು. ಅರವತ್ತು ದಾಟಿದವರು ಗಿರಕಿ ಬಿಟ್ಟು ತಾಳಕ್ಕೆ ಹೆಜ್ಜೆ ಹಾಕಿದರೂ ವಾಕಿಂಗಿನ ಲೆಕ್ಕ ತುಂಬುತ್ತದೆ.

ಇನ್ನು ಮಾಡಬೇಕಾದ್ದು. ಮೊದಲು ಮನೆಯ ಮಟ್ಟದಲ್ಲಿ. 'ನಾಳೆಯಿಂದ ಮಾಡುತ್ತೇನೆ' ಎಂಬ ಸಂಕಲ್ಪಕ್ಕಿಂತ 'ಆರು ಗಂಟೆಗೆ ಮಳೆ ಇದ್ದರೆ ಜಗಲಿಯಲ್ಲಿ ಇದು, ಹೊಳವಾದರೆ ರಸ್ತೆಯಲ್ಲಿ ಅದು' ಎಂಬ ಮೊದಲೇ ಮಾಡಿಟ್ಟ ಕರಾರು ಹೆಚ್ಚು ಕಾಲ ಬಾಳುತ್ತದೆ. ಪೀಟರ್ ಗೋಲ್ವಿಟ್ಜರ್ ಎಂಬ ಮನೋವಿಜ್ಞಾನಿ ಈ ಬಗೆಯ 'ಹೀಗಾದರೆ ಹೀಗೆ' ಯೋಜನೆಗಳ ಬಲವನ್ನು 1990ರ ದಶಕದಿಂದ ತೋರಿಸುತ್ತ ಬಂದಿದ್ದಾರೆ. ಔಷಧ ಹೊಡೆಸುವ ತೋಟಿಗರು ಅದನ್ನು ಹಿಂದಿನಿಂದಲೂ ಮಾಡುತ್ತ ಬಂದವರು: ಸಾಮಾನು ಸಿದ್ಧ ಇಟ್ಟುಕೊಂಡು ಹೊಳವಿಗೆ ಕಾಯುತ್ತಾರೆ. ನಡೆಯುವವರೂ ಚಪ್ಪಲಿ ಕೊಡೆ ಬಾಗಿಲಲ್ಲಿಟ್ಟು ಹಾಗೇ ಕಾಯಲಿ. ದಿನದಲ್ಲಿ ಹತ್ತು ಹತ್ತು ನಿಮಿಷದ ಮೂರು ಹೊಳವು ಸಿಕ್ಕರೆ ಅರ್ಧ ತಾಸಾಯಿತು. ಸಿಗದ ದಿನ ಸೂರ್ಯನಮಸ್ಕಾರ, ಬೈಠಕ್ಕು, ಗೋಡೆಗೆ ಕೈಯೂರಿ ದಂಡ, ಮೆಟ್ಟಿಲು ಹತ್ತಿಳಿಯುವುದು. ಕಿಟಕಿ ತೆರೆದಿರಲಿ, ಗಾಳಿಯಾಡಿದರೆ ಬೆವರು ಆರುತ್ತದೆ. ಪ್ಲಾಸ್ಟಿಕ್ ರೈನ್‌ಕೋಟು ತೊಟ್ಟು ಓಡಬೇಡಿ, ಮೈಯ ಶಾಖಕ್ಕೆ ಹೊರದಾರಿ ಇರುವುದಿಲ್ಲ.

ವಯಸ್ಸಾದವರ ಭಯ ಬೇರೆ, ಅದು ನ್ಯಾಯವಾದದ್ದು. ಪಾಚಿ ಹಿಡಿದ ಚಿರೇಕಲ್ಲಿನ ಅಂಗಳದಲ್ಲಿ ಜಾರಿ ಸೊಂಟ ಮುರಿದುಕೊಂಡರೆ ಮತ್ತೆ ಏಳುವುದು ಕಷ್ಟ. ಅಂಗಳಕ್ಕೆ ಸೋಗೆ ಹಾಸುವ ಹಳೆಯ ಪದ್ಧತಿ ಮರಳಲಿ. ಕಾಲಲ್ಲಿ ಗಾಯವಿದ್ದವರು ನಿಂತ ನೀರಿಗೆ ಇಳಿಯಬಾರದು. ಇಲಿಜ್ವರ ಬರುವುದು ಆ ದಾರಿಯಿಂದ. ಕಡಲಿಗಂತೂ ಇಳಿಯಲೇಬಾರದು. ಹೊರಗೆ ಕಾಲಿಡಬಾರದ ದಿನಗಳೂ ಇವೆ. 2022ರ ಆಗಸ್ಟಿನಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಜರಿದದ್ದು, 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದು ನಮಗೆ ಮರೆಯುವ ಸಂಗತಿಗಳಲ್ಲ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ದಿನ ಮನೆಯೇ ಮೈದಾನ.

ಎರಡನೆಯದು ಶಾಲೆ. ವಲಯ, ತಾಲ್ಲೂಕು ಮಟ್ಟದ ಕ್ರೀಡಾಕೂಟಗಳು ಸಾಮಾನ್ಯವಾಗಿ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಬರುತ್ತವೆ. ನಮ್ಮ ಮಕ್ಕಳು ತಯಾರಿ ಮಾಡಬೇಕಾದ ಜೂನ್, ಜುಲೈಯಲ್ಲಿ ಮೈದಾನ ಕೆಸರುಗದ್ದೆ. ಆಟದ ಪಿರಿಯಡ್ಡಿನಲ್ಲಿ ಗಣಿತ ನುಗ್ಗುತ್ತದೆ. ಕರಾವಳಿಯ ಶಾಲೆಗೆ ಪ್ರಯೋಗಾಲಯ ಎಷ್ಟು ಅಗತ್ಯವೋ ತಗಡಿನದಾದರೂ ಒಂದು ಆಟದ ಸೂರು ಅಷ್ಟೇ ಅಗತ್ಯ. ಹಣ ಮಂಜೂರು ಮಾಡುವವರು ಇದನ್ನು ಸೌಕರ್ಯ ಎಂದು ನೋಡದೆ ಮೈದಾನವೆಂದೇ ಬಗೆಯಬೇಕು.

ಮೂರನೆಯದು ಊರು. ಸಿಂಗಾಪುರದಲ್ಲಿ ವರ್ಷಕ್ಕೆ ಬೀಳುವುದು ಎರಡು ಸಾವಿರ ಮಿಲಿಮೀಟರಿಗೆ ತುಸು ಹೆಚ್ಚು ಮಳೆ, ನಮಗಿಂತ ಕಡಿಮೆ. ಅಷ್ಟಕ್ಕೇ ಅಲ್ಲಿನ ಸರ್ಕಾರ 2013ರಿಂದ 2018ರ ನಡುವೆ ಒಂದೇ ಯೋಜನೆಯಲ್ಲಿ 200 ಕಿಲೋಮೀಟರ್ ಉದ್ದದ ಸೂರುಳ್ಳ ನಡಿಗೆದಾರಿ ಕಟ್ಟಿತು. ನಮ್ಮ ಪುರಸಭೆ, ಪಟ್ಟಣ ಪಂಚಾಯತಿಗಳಿಂದ ಅಷ್ಟನ್ನು ಬೇಡುವುದಿಲ್ಲ. ಯಾಕೆಂದರೆ ಸೂರುಗಳು ನಮ್ಮಲ್ಲಿ ಆಗಲೇ ಇವೆ; ಮಳೆಗಾಲದಲ್ಲೇ ಅವು ಖಾಲಿ ಇವೆ. ಆಷಾಢದಲ್ಲಿ ಹೆಚ್ಚಿನವರು ಮದುವೆ ಮಾಡುವುದಿಲ್ಲ, ಕಲ್ಯಾಣಮಂಟಪಗಳಿಗೆ ಬೀಗ. 61 ದಿನದ ನಿಷೇಧದಲ್ಲಿ ತದಡಿ, ಕಾಸರಕೋಡು, ಭಟ್ಕಳದ ಬಂದರುಗಳ ಮೀನು ಹರಾಜಿನ ಸೂರುಗಳಲ್ಲಿ ಹೆಚ್ಚಿನ ಗಲಾಟೆಯಿಲ್ಲ. ಆರಿದ್ರೆ ಮಳೆ ಹುಟ್ಟುವ ಹೊತ್ತಿನ ಜೂನ್ 21ರ ಯೋಗ ದಿನಾಚರಣೆಗೆ ವರ್ಷವೂ ಸಭಾಭವನಗಳು ಸಿಗುತ್ತವೆ. ಜೂನ್ 22ಕ್ಕೆ ಅದೇ ಭವನ ಯಾಕೆ ಸಿಗಬಾರದು? ಬೆಳಿಗ್ಗೆ ಆರರಿಂದ ಏಳು, ಸಂಜೆ ಐದರಿಂದ ಆರು ಹೆಂಗಸರಿಗೆ. ಸಂಗೀತ, ಯಂತ್ರ, ಶುಲ್ಕ ಯಾವುದೂ ಬೇಡ. ನೆಲ ಒಣಗಿರಬೇಕು, ಬಾಗಿಲು ಹೊತ್ತಿಗೆ ಸರಿಯಾಗಿ ತೆರೆಯಬೇಕು. ಪಕ್ಕದ ಮನೆಯವರು ಬರುತ್ತಾರೆಂದು ಗೊತ್ತಿದ್ದರೆ ನಾವೂ ಏಳುತ್ತೇವೆ. ಜಾಗ, ಹೊತ್ತು, ಸಂಗಡಿಗರು ಮೂರೂ ಒಂದೇ ಸೂರಿನಡಿ ವಾಪಸು ಬಂದರೆ ಉಮೇದಿಯನ್ನು ಬೇರೆಯಾಗಿ ಹುಡುಕಬೇಕಾಗಿಲ್ಲ.

ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ಅಂದಾಜುಪಟ್ಟಿ ಬೇಕಿಲ್ಲ. ಬೇಕಾದದ್ದು ಬೀಗದ ಕೈ. ಅದು ಯಾವ ಮಂಟಪದ್ದು ಯಾರ ಹತ್ತಿರ ಇದೆ ಎಂಬುದು ನಿಮಗೆಲ್ಲ ಗೊತ್ತು. ಅಂಥವರು ಕೆಲವರು ಈ ಸಭೆಯಲ್ಲೇ ಕೂತಿದ್ದಾರೆ. ಹೊರಗೆ ಚಹಾ ಸಿದ್ಧವಿದೆಯಂತೆ. ಲೋಟ ಹಿಡಿದುಕೊಂಡೇ ಅವರನ್ನು ಮಾತನಾಡಿಸಿ, ದಿನ ಗೊತ್ತು ಮಾಡಿಕೊಂಡೇ ಮನೆಗೆ ಹೋಗಿ.